ಲೋಹದ ಹುಡಿ ಮತ್ತು ವೈರಾಣು

ಜನ ಒಂದೆಡೆ ಕಲೆಯುವುದೇ ನಮ್ಮ ಸಮಾಜದ ಜೀವಾಳ. ಪ್ರಸಾದದ ಪಂಕ್ತಿಯಲ್ಲಿ ಸಾಲಾಗಿ ಕುಳಿತವರು, ಸಿರಿಗೆರೆಯ ವಿದ್ಯಾರ್ಥಿನಿಲಯಗಳಲ್ಲಿ ಒಂದೇ ನಲ್ಲಿಗೆ ಕೈಯೊಡ್ಡುವ ಮಕ್ಕಳು, ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಊರೂರಿನಿಂದ ಬಂದು ಸೇರುವ ಪ್ರೇಕ್ಷಕರು, ಹಿರಿಯೂರಿನ ತೇರುಮಲ್ಲೇಶ್ವರನ ರಥದ ಹಗ್ಗಕ್ಕೆ ಕೈಹಚ್ಚುವ ಸಾವಿರಾರು ಭಕ್ತರು, ಹೊಳಲ್ಕೆರೆಯ ಬಯಲು ಗಣಪತಿಯ ಮುಂದೆ ಕೈಮುಗಿದು ನಿಲ್ಲುವ ದಂಪತಿಗಳು, ಇವರೆಲ್ಲ ಸೇರಿದರೆ ತಾನೆ ನಮ್ಮ ಸೀಮೆ ಸೀಮೆಯೆನಿಸುವುದು? 2020ರ ಮಾರ್ಚ್ ತಿಂಗಳಲ್ಲಿ ಈ ಸೇರುವಿಕೆಯೇ ನಿಂತುಹೋಯಿತು. ಕಣ್ಣಿಗೆ ಕಾಣದ ಒಂದು ವೈರಾಣು ಮಠದ ಬಾಗಿಲನ್ನೂ ಮನೆಯ ಬಾಗಿಲನ್ನೂ ಮುಚ್ಚಿಸಿತು. ಮಗನ ಮುಖವನ್ನು ತಾಯಿ ಕಿಟಕಿಯಿಂದಲೇ ನೋಡಿದಂಥ ದಿನಗಳನ್ನು ನಾವಾರೂ ಮರೆತಿಲ್ಲ.

ಆ ದಿನಗಳು ಕಳೆದವು. ಆದರೆ ಅವು ನಮ್ಮ ಮನೆಗಳಲ್ಲಿ ಬಿಟ್ಟುಹೋದ ಪ್ರಶ್ನೆಗಳು ಇನ್ನೂ ಉಳಿದಿವೆ. ತಾಮ್ರದ ಬಾಟಲಿಯಲ್ಲಿ ನೀರಿಟ್ಟು ಕುಡಿದರೆ ವೈರಾಣು ಸಾಯುವುದೇ? ಬಾಗಿಲಿಗೂ ಗೋಡೆಗೂ ಸಿಂಪಡಿಸುವ ‘ನ್ಯಾನೊ’ ದ್ರಾವಣದಿಂದ ರೋಗ ದೂರವಾಗುವುದೇ? ಲೋಹದ ಹುಡಿ ಬೆರೆಸಿದ ಮುಖಗವಸು ಬೇರೆ ಮುಖಗವಸಿಗಿಂತ ಮೇಲೇ? ಭಸ್ಮವನ್ನು ಸೇವಿಸಿದರೆ ದೇಹದೊಳಗಿನ ವೈರಾಣುವೂ ನಾಶವಾದೀತೇ? ಇವಕ್ಕೆ ಉತ್ತರ ಹುಡುಕಹೊರಟರೆ ಮೊದಲು ತಿಳಿಯಬೇಕಾದದ್ದು ಒಂದೇ. ಲೋಹಗಳ ಆಕ್ಸೈಡುಗಳು ವೈರಾಣುವನ್ನು ನಿಷ್ಕ್ರಿಯಗೊಳಿಸಬಲ್ಲವು ಎಂಬುದು ಸುಳ್ಳಲ್ಲ. ಆದರೆ ಆ ಶಕ್ತಿ ಕೆಲಸ ಮಾಡುವುದು ದೇಹದ ಹೊರಗೆ, ಬಾಗಿಲ ಹಿಡಿಯ ಮೇಲೆ, ಬಟ್ಟೆಯ ಎಳೆಯ ಮೇಲೆ, ಕೊಟ್ಟಿಗೆಯ ನೆಲದ ಮೇಲೆ. ಈ ಎಲ್ಲೆಯನ್ನು ಅರಿತವನಿಗೆ ಅದು ಉಪಕಾರಿ. ಅರಿಯದೆ ಬಳಸಿದವನಿಗೆ ಅಪಾಯಕಾರಿ.

ನಮ್ಮ ಮಣ್ಣಿನಲ್ಲೇ ಇರುವ ಸಂಗತಿ

‘ಲೋಹದ ಆಕ್ಸೈಡು’ ಎಂಬ ಹೆಸರು ಕೇಳಿ ಇದಾವುದೋ ವಿಲಾಯತಿ ವಸ್ತುವೆಂದು ಬೆದರಬೇಕಾಗಿಲ್ಲ. ಲೋಹವು ಗಾಳಿಯ ಆಮ್ಲಜನಕದೊಡನೆ ಕೂಡಿದಾಗ ಆಗುವ ವಸ್ತುವೇ ಆಕ್ಸೈಡು. ಕಬ್ಬಿಣಕ್ಕೆ ಹಿಡಿಯುವ ತುಕ್ಕು ಅದೇ ಜಾತಿಯದು. ಭೀಮಸಮುದ್ರದ ಸುತ್ತಿನ ಗುಡ್ಡಗಳಿಂದ ಲಾರಿಗಳಲ್ಲಿ ಹೋಗುವ ಕೆಂಪು ಅದಿರು ಕಬ್ಬಿಣದ ಆಕ್ಸೈಡೇ. ದುರ್ಗದ ಸಮೀಪದ ಇಂಗಳದಾಳಿನಲ್ಲಿ ಬಹು ಹಿಂದಿನ ಕಾಲದಲ್ಲಿಯೇ ತಾಮ್ರಕ್ಕಾಗಿ ನೆಲ ಅಗೆದ ಗುರುತುಗಳಿವೆ. ಕಳೆದ ಶತಮಾನದಲ್ಲಿಯೂ ಅಲ್ಲಿ ತಾಮ್ರದ ಅದಿರನ್ನು ತೆಗೆದರು. ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರುವಾಸಿಯಾಗಿತ್ತು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಉದ್ಯಮದ ವಿಷಯ ಬರೆದಿಟ್ಟಿದ್ದಾನೆ. ಗಾಜಿಗೆ ಹಸಿರು, ನೀಲಿ, ಕಪ್ಪು ಬಣ್ಣ ಬರುವುದು ತಾಮ್ರ, ಕಬ್ಬಿಣ, ಮ್ಯಾಂಗನೀಸ್ ಮುಂತಾದ ಲೋಹಗಳ ಆಕ್ಸೈಡುಗಳಿಂದ. ಹೀಗೆ ನಮ್ಮ ಹಿರಿಯರ ಕುಲುಮೆಗಳಲ್ಲಿ ಈ ವಸ್ತುಗಳು ಹೆಸರಿಲ್ಲದೆಯೇ ಬಳಕೆಯಲ್ಲಿದ್ದವು.

ಅಡುಗೆಮನೆಗೆ ಬನ್ನಿ. ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣಿನಿಂದ ಉಜ್ಜಿ ತೊಳೆದ ಮರುದಿನವೇ ಅದರ ಹೊಳಪಿನ ಮೇಲೆ ಕಂದುಗೆಂಪು ಪೊರೆಯೊಂದು ಮೂಡುತ್ತದೆ. ಅದು ತಾಮ್ರದ ಆಕ್ಸೈಡು. ತೇವಕ್ಕೆ ಬಹಳ ದಿನ ಬಿಟ್ಟರೆ ಹಸಿರು ಕಿಲುಬಾಗುತ್ತದೆ. ಎಳೆ ಮಕ್ಕಳ ಮೈಮೇಲೆ ಬೆವರುಸಾಲೆ ಎದ್ದಾಗ ಹಚ್ಚುವ ನಸುಗೆಂಪು ಬಣ್ಣದ ಕ್ಯಾಲಮೈನ್ ಲೇಪದಲ್ಲಿರುವುದು ಸತುವಿನ ಆಕ್ಸೈಡು. ಗೋಡೆಯ ಬಿಳಿ ಬಣ್ಣದಲ್ಲಿರುವುದು ಟೈಟಾನಿಯಂ ಎಂಬ ಲೋಹದ ಆಕ್ಸೈಡು. ಇನ್ನು ಸುಟ್ಟ ಸುಣ್ಣದ ಕಲ್ಲು? ಅದು ಕ್ಯಾಲ್ಸಿಯಂ ಲೋಹದ ಆಕ್ಸೈಡು. ನೀರು ಹಾಕಿದೊಡನೆ ಬುಸುಗುಟ್ಟಿ ಕುದಿದು ಅರಳುವ ಆ ಸುಣ್ಣವೇ ರೋಗದ ವಿರುದ್ಧ ಮನುಷ್ಯ ಬಳಸಿದ ಅತಿ ಹಳೆಯ ಲೋಹದ ಆಕ್ಸೈಡುಗಳಲ್ಲಿ ಒಂದು.

ವೈರಾಣು ಎಂಬುದು ಏನು?

ಬ್ಯಾಕ್ಟೀರಿಯಾ ಒಂದು ಪೂರ್ಣ ಜೀವಿ. ಅದು ತಿನ್ನುತ್ತದೆ, ಬೆಳೆಯುತ್ತದೆ, ಒಂದು ಎರಡಾಗುತ್ತದೆ. ವೈರಾಣು ಹಾಗಲ್ಲ. ಅದು ಪ್ರೋಟೀನಿನ ಚಿಪ್ಪಿನೊಳಗೆ ಸುತ್ತಿಟ್ಟ ಒಂದಿಷ್ಟು ವಂಶವಾಹಿ, ಅಷ್ಟೆ. ಹೊರಗೆ ಬಿದ್ದಿರುವಾಗ ಅದಕ್ಕೆ ಉಸಿರಿಲ್ಲ, ಹಸಿವಿಲ್ಲ. ಜೀವಂತ ಕೋಶವೊಂದರೊಳಗೆ ಹೊಕ್ಕ ಮೇಲೆ ಆ ಕೋಶದ ಯಂತ್ರವನ್ನೇ ತನಗಾಗಿ ದುಡಿಸಿಕೊಂಡು ಸಾವಿರಾರು ಮರಿ ಪ್ರತಿಗಳನ್ನು ಮಾಡಿಸುತ್ತದೆ. ಜೀವವೇ ಇಲ್ಲದ್ದನ್ನು ಕೊಲ್ಲುವುದು ಹೇಗೆ? ಆದ್ದರಿಂದಲೇ ವಿಜ್ಞಾನಿಗಳು ವೈರಾಣುವನ್ನು ‘ಕೊಲ್ಲುವುದು’ ಎನ್ನದೆ ‘ನಿಷ್ಕ್ರಿಯಗೊಳಿಸುವುದು’ ಎನ್ನುತ್ತಾರೆ. ಬೀಗದ ಕೈಯ ಹಲ್ಲು ಮುರಿದರೆ ಬೀಗ ತೆರೆಯದು. ವೈರಾಣುವಿನ ಚಿಪ್ಪು ಕೆಟ್ಟರೆ ಅದು ಕೋಶವನ್ನು ಹೊಗಲಾರದು.

ಕೆಲವು ವೈರಾಣುಗಳಿಗೆ ಚಿಪ್ಪಿನ ಮೇಲೆ ಕೊಬ್ಬಿನ ಹೊದಿಕೆಯೊಂದಿದೆ. ಕೊರೋನಾ, ಇನ್‌ಫ್ಲುಯೆಂಜಾ, ದಡಾರ ಇವು ಹೊದಿಕೆಯುಳ್ಳವು. ಸಾಬೂನಿನ ನೊರೆ ತಾಗಿದರೆ ಆ ಕೊಬ್ಬು ಕರಗಿ ಅವು ಚೆದುರಿಹೋಗುತ್ತವೆ. ಮಕ್ಕಳಿಗೆ ವಾಂತಿಭೇದಿ ತರುವ ರೋಟಾ ಮತ್ತು ನೋರೋ ವೈರಾಣುಗಳು, ಪೋಲಿಯೋ ವೈರಾಣು, ದನಗಳ ಕಾಲುಬಾಯಿ ಜ್ವರದ ವೈರಾಣು ಇವುಗಳಿಗೆ ಹೊದಿಕೆಯಿಲ್ಲ. ಬರಿಯ ಚಿಪ್ಪಿನ ಇವು ಹೊರಗಿನ ಲೋಕದಲ್ಲಿ ಹೆಚ್ಚು ಗಟ್ಟಿ.

ಗಾತ್ರದ ಮಾತಿಗೆ ಬಂದರೆ, ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರು. ಕೊರೋನಾ ವೈರಾಣುವಿನ ಅಡ್ಡಳತೆ ಸುಮಾರು 100 ನ್ಯಾನೊಮೀಟರು, ಕಾಲುಬಾಯಿ ಜ್ವರದ್ದು ಸುಮಾರು 30. ನಮ್ಮ ತಲೆಗೂದಲ ದಪ್ಪ ಸುಮಾರು 80,000 ನ್ಯಾನೊಮೀಟರು. ಕೊರೋನಾ ವೈರಾಣುವನ್ನು ಹೊಳಲ್ಕೆರೆಯ ಒಂದು ಅಡಕೆಯಷ್ಟು ದೊಡ್ಡದು ಮಾಡಿದೆವೆನ್ನಿ, ಅದೇ ಲೆಕ್ಕದಲ್ಲಿ ಒಂದು ಕೂದಲೆಳೆಯ ದಪ್ಪ ಅಡಕೆ ಮರದ ಎತ್ತರವನ್ನೂ ಮೀರುತ್ತದೆ.

ಸಣ್ಣದಾದಷ್ಟೂ ಬಲ

ಇಷ್ಟು ಸಣ್ಣ ಶತ್ರುವನ್ನು ಎದುರಿಸಲು ಅಷ್ಟೇ ಸಣ್ಣ ಆಯುಧ ಬೇಕು. 1ರಿಂದ 100 ನ್ಯಾನೊಮೀಟರಿನೊಳಗಿನ ಕಣಗಳಿಗೆ ನ್ಯಾನೊಕಣಗಳೆಂದು ಹೆಸರು. ಗ್ರೀಕ್ ಮೂಲದ ‘ನ್ಯಾನೊ’ ಎಂಬ ಮಾತಿಗೆ ಕುಬ್ಜ ಎಂದರ್ಥ. ಕುಬ್ಜನಾದರೆ ಬಲ ಹೆಚ್ಚುವುದು ಹೇಗೆ? ರೈತನ ಲೆಕ್ಕದಲ್ಲೇ ನೋಡೋಣ. ಒಂದು ಸೆಂಟಿಮೀಟರು ಉದ್ದಗಲದ ತಾಮ್ರದ ಆಕ್ಸೈಡಿನ ಒಂದು ಚೌಕ ತುಂಡಿನ ಆರು ಮುಖಗಳ ಒಟ್ಟು ವಿಸ್ತಾರ 6 ಚದರ ಸೆಂಟಿಮೀಟರು. ಅದೇ ತುಂಡನ್ನು 10 ನ್ಯಾನೊಮೀಟರಿನ ಚೌಕಗಳಾಗಿ ಕತ್ತರಿಸುತ್ತ ಹೋದರೆ ಎಲ್ಲ ಮುಖಗಳ ಒಟ್ಟು ವಿಸ್ತಾರ 600 ಚದರ ಮೀಟರು, ಅಂದರೆ ಸರಿಸುಮಾರು ಆರು ಗುಂಟೆ ನೆಲ! ತೂಕ ಅದೇ, ಲೋಹ ಅದೇ. ಆದರೆ ವೈರಾಣುವಿಗೆ ತಾಗುವ ಮೈ ಹತ್ತು ಲಕ್ಷ ಪಟ್ಟು ಹೆಚ್ಚಾಯಿತು. ಬಟ್ಟೆಗೋ ಬಣ್ಣಕ್ಕೋ ಚಿಟಿಕೆಯಷ್ಟು ಹುಡಿ ಸೇರಿಸಿದರೆ ಸಾಕಾಗುವುದು ಇದರಿಂದಲೇ.

ತಾಗಿದ ಮೇಲೆ ನಡೆಯುವುದೇನು? ಮೂರು ಬಗೆಯ ಕೆಲಸಗಳನ್ನು ಹೇಳಬಹುದು. ಮೊದಲನೆಯದು, ಆಕ್ಸೈಡಿನಿಂದ ತೇವದೊಳಕ್ಕೆ ಲೋಹದ ಅಯಾನುಗಳು ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗಿ ವೈರಾಣುವಿನ ಪ್ರೋಟೀನಿಗೆ ಅಂಟಿ ಅದರ ಆಕಾರ ಕೆಡಿಸುತ್ತವೆ. ತಾಮ್ರ, ಸತುಗಳ ಬಲ ಮುಖ್ಯವಾಗಿ ಇದು. ಎರಡನೆಯದು, ಕಣದ ಮೈಮೇಲೆ ಆಮ್ಲಜನಕದ ಉಗ್ರ ರೂಪಗಳು ಹುಟ್ಟಿ ಹೊದಿಕೆಯನ್ನೂ ವಂಶವಾಹಿಯನ್ನೂ ಸುಡುತ್ತವೆ. ಟೈಟಾನಿಯಂ ಡೈಆಕ್ಸೈಡು ಈ ಕೆಲಸವನ್ನು ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಮಾಡುತ್ತದೆ. ಬೆಳಕಿನ ನೆರವಿನಿಂದ ನೀರನ್ನೇ ಒಡೆಯುವ ಅದರ ಗುಣವನ್ನು ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ಲೋಕಕ್ಕೆ ತಿಳಿಸಿದರು. ಆದರೆ ಕತ್ತಲ ಕೋಣೆಯಲ್ಲಿ ಅದು ಹೆಚ್ಚುಕಡಿಮೆ ಬರಿಯ ಬಿಳಿ ಬಣ್ಣ. ಮೂರನೆಯದು, ಕಣವೇ ವೈರಾಣುವಿನ ಮೈಮುಳ್ಳುಗಳಿಗೆ ಅಂಟಿಕೊಂಡು ಅದು ಕೋಶಕ್ಕೆ ಅಂಟದಂತೆ ತಡೆಯುತ್ತದೆ.

ತಾಮ್ರದಲ್ಲಿಯೂ ಎರಡು ಆಕ್ಸೈಡುಗಳಿವೆ, ಒಂದು ಕಪ್ಪು, ಇನ್ನೊಂದು ಕೆಂಪು. ಜಪಾನಿನ ಸಂಶೋಧಕರು 2012ರಲ್ಲಿ ಇವೆರಡನ್ನೂ ಹೋಲಿಸಿ ನೋಡಿದಾಗ ವೈರಾಣುವಿನ ವಿರುದ್ಧ ಕೆಂಪು ಆಕ್ಸೈಡು ಬಹಳ ಹೆಚ್ಚು ಬಲವುಳ್ಳದ್ದೆಂದು ಕಂಡಿತು. 2020ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಈ ಕೆಂಪು ಆಕ್ಸೈಡನ್ನು ಬಣ್ಣದಂತೆ ಲೇಪಿಸಿದ ಗಾಜು ಮತ್ತು ಉಕ್ಕಿನ ಮೇಲೆ ಕೊರೋನಾ ವೈರಾಣುವನ್ನಿಟ್ಟು ನೋಡಿದರು. ಒಂದು ಗಂಟೆಯಲ್ಲಿ ಅದು ಶೇಕಡಾ 99.9ರಷ್ಟು ಇಳಿದಿತ್ತು. ಅದೇ ವರ್ಷದ ಇನ್ನೊಂದು ಪ್ರಸಿದ್ಧ ಪರೀಕ್ಷೆಯಲ್ಲಿ ಪ್ಲಾಸ್ಟಿಕ್ ಮತ್ತು ಉಕ್ಕಿನ ಮೇಲೆ 72 ಗಂಟೆಯವರೆಗೂ, ರಟ್ಟಿನ ಮೇಲೆ 24 ಗಂಟೆಯೊಳಗೂ ಪತ್ತೆಯಾದ ಕೊರೋನಾ ವೈರಾಣು, ಬರಿಯ ತಾಮ್ರದ ಮೇಲೆ 4 ಗಂಟೆಯಾದ ಮೇಲೆ ಸಿಗಲಿಲ್ಲ. ಹೊದಿಕೆಯಿಲ್ಲದ ಗಟ್ಟಿ ಜಾತಿಗೆ ಸೇರಿದ, ಇಲಿಗಳ ನೋರೋ ವೈರಾಣುವೂ ತಾಮ್ರದ ಮೇಲೆ ನಿಷ್ಕ್ರಿಯವಾಗುವುದನ್ನು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ್ದರು.

ಕನ್ನಡ ನೆಲದ ಕೊಡುಗೆ

ಇಂಥ ಹುಡಿಯನ್ನು ಮಾಡುವುದು ಹೇಗೆ? ಅದಿರನ್ನು ಎಷ್ಟು ಅರೆದರೂ ನ್ಯಾನೊಮೀಟರಿನ ನಯ ಬರುವುದು ಕಷ್ಟ. ಇಲ್ಲಿಯೇ ನಾವು ಹೆಮ್ಮೆಪಡುವ ಸಂಗತಿಯೊಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ. ಸಿ. ಪಾಟೀಲರೂ ಅವರ ಶಿಷ್ಯ ಕಿಂಗ್ಸ್ಲಿಯವರೂ 1988ರಲ್ಲಿ ಒಂದು ಸರಳ ವಿಧಾನವನ್ನು ಪ್ರಕಟಿಸಿದರು. ಅಲ್ಯೂಮಿನಿಯಂ ನೈಟ್ರೇಟನ್ನೂ ನಮ್ಮ ಹೊಲಕ್ಕೆ ಹಾಕುವಂಥ ಯೂರಿಯಾವನ್ನೂ ನೀರಿನಲ್ಲಿ ಕರಗಿಸಿ ಸುಮಾರು 500 ಡಿಗ್ರಿ ಶಾಖದ ಕುಲುಮೆಗಿಟ್ಟರೆ, ದ್ರಾವಣ ಕುದಿದು, ಉಕ್ಕಿ, ನೊರೆಗಟ್ಟಿ, ತಾನೇ ತಾನಾಗಿ ಹೊತ್ತಿಕೊಳ್ಳುತ್ತದೆ. ಒಳಗಿನ ಜ್ವಾಲೆಯ ಶಾಖ 1,500 ಡಿಗ್ರಿಯಷ್ಟೇರಿ, ಐದೇ ನಿಮಿಷಗಳಲ್ಲಿ ಪಾತ್ರೆಯ ತುಂಬ ಹಗುರವಾದ ಬಿಳಿ ಆಕ್ಸೈಡಿನ ನೊರೆ ಉಳಿಯುತ್ತದೆ. ಗಂಟೆಗಟ್ಟಲೆ ದೊಡ್ಡ ಕುಲುಮೆ ಉರಿಸಬೇಕಾಗಿದ್ದ ಕೆಲಸ ಹೀಗೆ ಸುಲಭವಾಯಿತು. ದಹನ ಸಂಶ್ಲೇಷಣೆ ಎಂಬ ಹೆಸರಿನ ಈ ವಿಧಾನ ಇಂದು ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ಬೆಲೆಬಾಳುವ ಯಂತ್ರವಿಲ್ಲದ ಕಾಲೇಜುಗಳಿಗೂ ಈ ದಾರಿ ತೆರೆದುಕೊಂಡಿತೆಂಬುದು ಅದರ ದೊಡ್ಡ ಗುಣ. ಮುಂದೆ ಯೂರಿಯಾದ ಬದಲು ಗಿಡಮೂಲಿಕೆಗಳ ಸಾರವನ್ನೇ ಉರುವಲಾಗಿ ಬಳಸುವ ಪ್ರಯೋಗಗಳು ನಡೆದವು. ನಮ್ಮ ನೆರೆಯ ತುಮಕೂರಿನ ಸಂಶೋಧಕರು ಕಕ್ಕೆ ಗಿಡದ ಸಾರದಿಂದ ಸತುವಿನ ಆಕ್ಸೈಡಿನ ನ್ಯಾನೊಕಣಗಳನ್ನು ಮಾಡಿ, ಅವು ಬ್ಯಾಕ್ಟೀರಿಯಾಗಳನ್ನು ತಡೆಯುವುದನ್ನು 2015ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಕಟ್ಟಿ ಬೆಳೆಸಿದ ಭಾರತರತ್ನ ಪ್ರೊ. ಸಿ. ಎನ್. ಆರ್. ರಾವ್ ಅವರು ದೇಶದ ನ್ಯಾನೊವಿಜ್ಞಾನಕ್ಕೆ ಹಿರಿಯರಾಗಿ ನಿಂತರು. ಇದೀಗ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ನಮ್ಮದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ನಮ್ಮ ಮಕ್ಕಳಿಗೆ ವಿಜ್ಞಾನ ದೂರದ ಊರಿನ ಮಾತಲ್ಲ.

ಮುಖಗವಸಿನ ವಿಷಯ. ತಾಮ್ರದ ಆಕ್ಸೈಡು ಸೇರಿಸಿದ ನೂಲಿನ ಮುಖಗವಸು ಇನ್‌ಫ್ಲುಯೆಂಜಾ ವೈರಾಣುವನ್ನು ನಿಷ್ಕ್ರಿಯಗೊಳಿಸುವುದೆಂಬ ಪ್ರಯೋಗದ ವರದಿ 2010ರಷ್ಟು ಹಿಂದೆಯೇ ಬಂದಿತ್ತು. ನಮ್ಮ ದೇಶದಲ್ಲಿ ಹೈದರಾಬಾದಿನ ಪುಡಿಲೋಹ ಹಾಗೂ ನವವಸ್ತುಗಳ ಸಂಶೋಧನಾ ಕೇಂದ್ರದವರು, ಜ್ವಾಲೆಯ ಮೂಲಕ ದ್ರಾವಣ ಹಾಯಿಸುವ ವಿಧಾನದಿಂದ ಸುಮಾರು 20 ನ್ಯಾನೊಮೀಟರಿನ ತಾಮ್ರಮೂಲದ ಕಣಗಳನ್ನು ತಯಾರಿಸಿ ಹತ್ತಿಬಟ್ಟೆಗೆ ಲೇಪಿಸಿದರು. ಅಲ್ಲಿಯ ಕೋಶ ಹಾಗೂ ಅಣುಜೀವಶಾಸ್ತ್ರ ಕೇಂದ್ರ ಕೊರೋನಾ ವೈರಾಣುವಿನ ಮೇಲೆ ಅದನ್ನು ಪರೀಕ್ಷಿಸಿ, ಶೇಕಡಾ 99.9ರಷ್ಟು ನಿಷ್ಕ್ರಿಯವಾಗುವುದೆಂದು ಹೇಳಿತು. ತಯಾರಿಕೆಗೆ ಜೊತೆಯಾದದ್ದು ಬೆಂಗಳೂರಿನ ರೆಸಿಲ್ ಕೆಮಿಕಲ್ಸ್. 2022ರ ಫೆಬ್ರವರಿಯಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಈ ಸುದ್ದಿ ಪ್ರಕಟಿಸಿತು. ಎಸೆದ ಮುಖಗವಸಿನಿಂದಲೂ ರೋಗ ಹರಡೀತೆಂಬ ಭಯಕ್ಕೆ ಇದೊಂದು ಉತ್ತರ. ಒಗೆದು ಮತ್ತೆ ಬಳಸಬಹುದಾದ ಹತ್ತಿಬಟ್ಟೆಯಾದ್ದರಿಂದ ಕಸದ ರಾಶಿಯೂ ಕಡಿಮೆ.

ತಾಮ್ರದ ಬಿಂದಿಗೆಯ ಸತ್ಯ

ಹಾಗಾದರೆ ತಾಮ್ರದ ಬಿಂದಿಗೆಯ ನೀರು? ಇದಕ್ಕೂ ಬೆಂಗಳೂರಿನಲ್ಲೇ ಪರೀಕ್ಷೆ ನಡೆದಿದೆ. ಆಯುರ್ವೇದ ಸಂಶೋಧನೆಯಲ್ಲಿ ತೊಡಗಿದ ಅಲ್ಲಿಯ ಸಂಸ್ಥೆಯೊಂದರ ವಿಜ್ಞಾನಿಗಳು ಕಾಲರಾ, ಆಮಶಂಕೆ, ವಿಷಮಶೀತ ಮೊದಲಾದವನ್ನು ತರುವ ಜಾತಿಯ ಬ್ಯಾಕ್ಟೀರಿಯಾಗಳನ್ನು ನೀರಿಗೆ ಸೇರಿಸಿ, ಆ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರು. ಆಮೇಲೆ ನೋಡಿದರೆ ಅವು ಸಿಗಲಿಲ್ಲ. ನೀರಿನಲ್ಲಿ ಕರಗಿದ್ದ ತಾಮ್ರ ಲೀಟರಿಗೆ 0.2 ಮಿಲಿಗ್ರಾಮಿಗಿಂತ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 2 ಮಿಲಿಗ್ರಾಂ. 2012ರಲ್ಲಿ ಪ್ರಕಟವಾದ ಈ ಫಲಿತಾಂಶ ನಮ್ಮ ಅಜ್ಜಿಯಂದಿರ ರೂಢಿಗೆ ದೊರೆತ ಮನ್ನಣೆ ಎನ್ನಬಹುದು.

ಆದರೆ ಇಲ್ಲಿ ಎರಡು ಮಾತನ್ನು ಗಮನಿಸಬೇಕು. ಆ ಪರೀಕ್ಷೆ ಬ್ಯಾಕ್ಟೀರಿಯಾಗಳದ್ದು, ವೈರಾಣುಗಳದ್ದಲ್ಲ. ಮತ್ತು ಅದಕ್ಕೆ ಬೇಕಾದದ್ದು 16 ಗಂಟೆ, ಬಿಂದಿಗೆ ತುಂಬಿದೊಡನೆ ಅದು ಅಮೃತವಾಗದು. 2023ರ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಾರು ಜನ ಆಸ್ಪತ್ರೆ ಸೇರಿದರು, ಕೆಲವರು ಜೀವವನ್ನೇ ಕಳೆದುಕೊಂಡರು. ಕೋಟೆಯ ನೆರಳಿನಲ್ಲಿಯೇ ನಡೆದ ಆ ದುಃಖ ನಮಗೆ ಹೇಳುವುದಿಷ್ಟೆ: ಅನುಮಾನದ ನೀರಿಗೆ ತಾಮ್ರದ ಪಾತ್ರೆಯೊಂದೇ ಪರಿಹಾರವಲ್ಲ. ಮರಳುವಂತೆ ಕುದಿಸಿದ ನೀರು ಬ್ಯಾಕ್ಟೀರಿಯಾಕ್ಕೂ ವೈರಾಣುವಿಗೂ ಒಂದೇ ಉತ್ತರ. ಕುದಿಸಿ ಆರಿಸಿದ ನೀರನ್ನು ತಾಮ್ರದ ಬಿಂದಿಗೆಗೆ ತುಂಬಿಡುವುದಾದರೆ ಅದು ಒಳ್ಳೆಯದೇ. ಮಜ್ಜಿಗೆ, ನಿಂಬೆಯ ಪಾನಕ, ಹುಣಸೆಯ ಸಾರು ಇಂಥ ಹುಳಿಯನ್ನು ಮಾತ್ರ ಕಲಾಯಿಯಿಲ್ಲದ ತಾಮ್ರದಲ್ಲಿ ಇಡಲಾಗದು. ಹುಳಿಗೆ ತಾಮ್ರ ಕರಗಿ ಹೊಟ್ಟೆ ತೊಳಸಿ ವಾಂತಿಯಾದೀತು.

ಎಲ್ಲೆ ಮೀರಿದರೆ

ಪ್ರಯೋಗಾಲಯದಲ್ಲಿ ಶೇಕಡಾ 99.9 ಎಂದು ಬಂದರೆ ಊರಿನಲ್ಲಿಯೂ ರೋಗ ಶೇಕಡಾ 99.9ರಷ್ಟು ಕಡಿಮೆಯಾಗುತ್ತದೆಂದು ಭಾವಿಸುವುದು ತಪ್ಪು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2021ರ ಏಪ್ರಿಲ್‌ನಲ್ಲಿ, ಸೋಂಕಿರುವ ವಸ್ತುವನ್ನು ಒಮ್ಮೆ ಮುಟ್ಟಿದರೆ ಕೊರೋನಾ ತಗಲುವ ಸಂಭವ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಹೇಳಿತು. ಆ ರೋಗ ಹೆಚ್ಚಾಗಿ ಹರಡಿದ್ದು ಉಸಿರಿನಿಂದ, ಗಾಳಿಯಾಡದ ಕೋಣೆಗಳಿಂದ. ಬಾಗಿಲ ಹಿಡಿಗೆ ಎಷ್ಟು ಬೆಲೆಯ ಲೇಪ ಬಳಿದರೂ ಕಿಟಕಿ ಮುಚ್ಚಿದ ಸಭಾಭವನವನ್ನು ಅದು ಕಾಯಲಾರದು. ವಾಂತಿಭೇದಿಯ ವೈರಾಣುಗಳ ರೀತಿ ಬೇರೆ. ಅವು ಕೈಯಿಂದ, ಲೋಟದಿಂದ, ನಲ್ಲಿಯಿಂದ ಹರಡುತ್ತವೆ. ಆದುದರಿಂದ ವಿದ್ಯಾರ್ಥಿನಿಲಯ, ಆಸ್ಪತ್ರೆ, ದಾಸೋಹಮಂದಿರಗಳಲ್ಲಿ ನೂರು ಕೈ ಮುಟ್ಟುವ ಹಿಡಿಗಳು, ನಲ್ಲಿಗಳು ತಾಮ್ರ ಹಿತ್ತಾಳೆಗಳದ್ದಾಗಿರುವುದು ಉಪಯುಕ್ತ. ದಿನವೂ ಒರೆಸಿ ಶುಚಿಗೊಳಿಸುವ ಕೆಲಸ ಮಾತ್ರ ಅದರಿಂದ ತಪ್ಪದು, ಏಕೆಂದರೆ ಜಿಡ್ಡು ಹತ್ತಿದ ಲೋಹಕ್ಕೆ ವೈರಾಣು ತಾಗುವುದೇ ಇಲ್ಲ.

ಇನ್ನು ದೇಹದೊಳಗಿನ ಮಾತು. ವೈರಾಣುವಿನ ಪ್ರೋಟೀನನ್ನು ಕೆಡಿಸುವ ಲೋಹದ ಅಯಾನು ನಮ್ಮ ಕೋಶದ ಪ್ರೋಟೀನನ್ನು ಗುರುತು ಹಿಡಿದು ಬಿಟ್ಟುಕೊಡುವುದಿಲ್ಲ. ಸತು ಲೇಪಿಸಿದ ಕೊಳವೆಗೆ ವೆಲ್ಡಿಂಗ್ ಮಾಡುವವರಿಗೆ ಆ ಹೊಗೆಯಿಂದ ಸಂಜೆಗೆ ಚಳಿಜ್ವರ ಬರುವುದುಂಟು. ಆ ಹೊಗೆ ಸತುವಿನ ಆಕ್ಸೈಡಿನ ಅತಿ ಸಣ್ಣ ಕಣಗಳದ್ದೇ. ತಿನಿಸಿಗೆ ಬಿಳುಪು ಕೊಡಲು ಬಳಸುತ್ತಿದ್ದ ಟೈಟಾನಿಯಂ ಡೈಆಕ್ಸೈಡನ್ನು ಯೂರೋಪಿನ ಒಕ್ಕೂಟ 2022ರಲ್ಲಿ ಆಹಾರದಿಂದ ನಿಷೇಧಿಸಿತು. ಬಟ್ಟೆಗೆ ಗಟ್ಟಿಯಾಗಿ ಕಚ್ಚಿಕೊಂಡಿರುವ ಕಣದಿಂದ ಇರುವ ಭಯ ಕಡಿಮೆ. ಗಾಳಿಗೆ ತೂರುವ ಹುಡಿ, ಮೂಗಿನೆದುರು ಸಿಂಪಡಿಸುವ ದ್ರಾವಣ ಇವು ಶ್ವಾಸಕೋಶದ ಆಳಕ್ಕಿಳಿಯಬಲ್ಲವು. 2020ರ ಏಪ್ರಿಲ್‌ನಲ್ಲಿಯೇ ಕೇಂದ್ರ ಆರೋಗ್ಯ ಸಚಿವಾಲಯವು ಮನುಷ್ಯರ ಮೇಲೆ ಸೋಂಕುನಾಶಕ ಸಿಂಪಡಿಸಬಾರದೆಂದು ತಿಳಿಸಿತ್ತು. ಹೊಸ ಹೆಸರಿನ ದ್ರಾವಣಕ್ಕೂ ಆ ಮಾತು ಸಲ್ಲುತ್ತದೆ.

ಭಸ್ಮದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಆಯುರ್ವೇದದಲ್ಲಿ ತಾಮ್ರಭಸ್ಮ, ಯಶದಭಸ್ಮಗಳುಂಟು, ಅವಕ್ಕೆ ಶೋಧನ, ಮಾರಣ, ಪ್ರಮಾಣ, ಪಥ್ಯಗಳ ಕಟ್ಟುನಿಟ್ಟೂ ಉಂಟು. ಅದನ್ನು ಬಲ್ಲ ವೈದ್ಯರ ಸಲಹೆಯಿಲ್ಲದೆ, ಸಂತೆಯಲ್ಲಿಯೋ ಜಾಹೀರಾತಿನಲ್ಲಿಯೋ ಕಂಡದ್ದನ್ನು ಮಕ್ಕಳಿಗೂ ಬಸುರಿಯರಿಗೂ ಕೊಡುವುದು ಅಪರಾಧಕ್ಕೆ ಸಮಾನ. ನಾವು ಹಣೆಗೆ ಧರಿಸುವ ಶ್ರೀ ವಿಭೂತಿಯನ್ನು ಸಹ ಕೆಲವರು ‘ವೈಜ್ಞಾನಿಕ ರೋಗನಾಶಕ’ವೆಂದು ಹೊಗಳುವುದನ್ನು ಕೇಳುತ್ತೇವೆ. ಅದರ ಮಹಿಮೆ ಅರಿವಿನದು, ಆಚಾರದ್ದು. ಅದಕ್ಕೆ ಪ್ರಯೋಗಾಲಯದ ಪ್ರಮಾಣಪತ್ರ ಅಂಟಿಸಹೊರಟರೆ ವಿಭೂತಿಗೂ ಗೌರವವಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ.

ನೀರಿನ ಚಿಂತೆಯೂ ಇದೆ. ಒಗೆದ ಬಟ್ಟೆಯಿಂದ, ತೊಳೆದ ನೆಲದಿಂದ ಜಾರಿದ ತಾಮ್ರದ ಹುಡಿ ಕೊನೆಗೆ ಸೇರುವುದು ಹಳ್ಳಕೊಳ್ಳಗಳನ್ನು, ಕೆರೆಗಳನ್ನು. ಪಾಚಿಗೂ ಮೀನಿನ ಮರಿಗೂ ತಾಮ್ರ ವಿಷ. 1933ರ ಬಳಿಕ 89 ವರ್ಷ ಕಾದು 2022ರಲ್ಲಿ ವಾಣಿವಿಲಾಸ ಸಾಗರ ತುಂಬಿ ಹರಿದಾಗ ಹಿರಿಯೂರಿನ ಜನ ಕಣ್ತುಂಬ ನೀರು ಕಂಡು ಸಂತೋಷಪಟ್ಟರು. ನೀರಿನ ಬೆಲೆ ಬಲ್ಲ ನಾಡು ನಮ್ಮದು. ಬೇಕಿಲ್ಲದ ಕಡೆಯೆಲ್ಲ ಲೋಹದ ಹುಡಿ ಚೆಲ್ಲುವ ಚಪಲ ನಮಗೆ ಸಲ್ಲದು.

ಕೊಟ್ಟಿಗೆಯ ಸುಣ್ಣ

ಹೊಸದುರ್ಗ, ಹೊಳಲ್ಕೆರೆ ಕಡೆಯ ದನಕರು ಸಾಕುವ ಮನೆಗಳಿಗೆ ಉಪಯೋಗವಾಗುವ ಮಾತೊಂದನ್ನು ಇಲ್ಲಿ ಹೇಳಲೇಬೇಕು. 2013ರಲ್ಲಿ ಕಾಲುಬಾಯಿ ಜ್ವರ ರಾಜ್ಯದ ಎಷ್ಟೋ ಕೊಟ್ಟಿಗೆಗಳನ್ನು ಬರಿದು ಮಾಡಿತು. ಆ ರೋಗದ ವೈರಾಣುವಿಗೆ ಹೊದಿಕೆಯಿಲ್ಲ, ಸಾಬೂನಿಗೆ ಅದು ಅಷ್ಟಾಗಿ ಬಗ್ಗದು. ಆದರೆ ಹುಳಿಯನ್ನೂ ಕ್ಷಾರವನ್ನೂ ಅದು ತಾಳಲಾರದು. ಹೊಸದಾಗಿ ಅರಳಿಸಿದ ಸುಣ್ಣ ಬಲವಾದ ಕ್ಷಾರ. ನೂರು ಲೀಟರು ನೀರಿಗೆ ನಾಲ್ಕು ಕಿಲೋ ವಾಷಿಂಗ್ ಸೋಡಾ ಕರಗಿಸಿ ಕೊಟ್ಟಿಗೆ ತೊಳೆಯುವುದೂ ಒಪ್ಪಿತವಾದ ಕ್ರಮ. ಮೊದಲು ಸಗಣಿ ಕಸ ತೆಗೆದು, ಆಮೇಲೆ ತೊಳೆದು, ಗೋಡೆಗೆ ಹೊಸ ಸುಣ್ಣ ಬಳಿಯಬೇಕು. ಹಳೆಯ ಸುಣ್ಣ ಸಾಲದು, ಗಾಳಿಯಲ್ಲಿ ತೆರೆದಿಟ್ಟ ಸುಣ್ಣ ದಿನ ಕಳೆದಂತೆ ಇಂಗಾಲದ ಡೈಆಕ್ಸೈಡನ್ನು ಹೀರಿ ಸೀಮೆಸುಣ್ಣದಂತೆ ಬಲಹೀನವಾಗುತ್ತದೆ. ಸುಣ್ಣ ಅರಳಿಸುವಾಗ ಮಕ್ಕಳನ್ನು ದೂರವಿಡಿ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಮೋಸ. ಇಷ್ಟೆಲ್ಲ ಮಾಡಿದರೂ ಆರು ತಿಂಗಳಿಗೊಮ್ಮೆ ಪಶುವೈದ್ಯ ಇಲಾಖೆ ಹಾಕುವ ಲಸಿಕೆಗೆ ಬದಲಿಲ್ಲ.

ಮನೆಯ ಮಕ್ಕಳ ಮಾತೂ ಹಾಗೆಯೇ. ರೋಟಾ ವೈರಾಣುವಿನ ಲಸಿಕೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೂಸಿಗೆ 6, 10 ಮತ್ತು 14 ವಾರಗಳಾದಾಗ ಉಚಿತವಾಗಿ ಹನಿಸುತ್ತಾರೆ. ದೇಹದೊಳಗೆ ವೈರಾಣುವನ್ನು ಎದುರಿಸುವ ವಿದ್ಯೆಯನ್ನು ದೇಹಕ್ಕೇ ಕಲಿಸುವುದು ಲಸಿಕೆ. ದೇಹದ ಹೊರಗೆ ಅದರ ದಾರಿ ಕಡಿಯುವುದು ಸಾಬೂನು, ಕುದಿನೀರು, ಬಿಸಿಲು, ಸುಣ್ಣ ಮತ್ತು ಈಗ ಬಂದಿರುವ ಲೋಹದ ಹುಡಿ. ಒಳಗಿನದಕ್ಕೆ ಒಳಗಿನದು, ಹೊರಗಿನದಕ್ಕೆ ಹೊರಗಿನದು. ಈ ವಿವೇಕವೊಂದಿದ್ದರೆ ಯಾವ ಜಾಹೀರಾತೂ ನಮ್ಮನ್ನು ಮೋಸಗೊಳಿಸದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದ. ರೋಗಿಗಳ ಸೇವೆಯೇ ಅವನ ಕಾಯಕ. ಅನುಭವಮಂಟಪದಲ್ಲಿ ವೈದ್ಯನಿಗೂ ಒಂದು ಪೀಠವಿತ್ತೆಂದರೆ ಮೈಯ ಆರೋಗ್ಯವನ್ನು ನಮ್ಮ ಹಿರಿಯರು ಧರ್ಮದಿಂದ ಹೊರಗಿಡಲಿಲ್ಲವೆಂದೇ ಅರ್ಥ. ಕುಲುಮೆಯ ಮುಂದೆ ನಿಂತು ಹುಡಿಯನ್ನು ಪರೀಕ್ಷಿಸುವ ವಿಜ್ಞಾನಿಯದೂ ಕಾಯಕ, ವಿದ್ಯಾರ್ಥಿನಿಲಯದ ನಲ್ಲಿಯನ್ನು ದಿನವೂ ತೊಳೆದಿಡುವ ಸೇವಕನದೂ ಕಾಯಕ, ಕೂಸನ್ನು ಕಂಕುಳಲ್ಲಿ ಹೊತ್ತು ಲಸಿಕೆಗೆ ನಡೆದುಹೋಗುವ ತಾಯಿಯದೂ ಕಾಯಕ. ಮುಂದಿನ ಜಾತ್ರೆಗೆ, ಮುಂದಿನ ದಾಸೋಹಕ್ಕೆ ನಾವು ಮತ್ತೆ ಪಂಕ್ತಿಯಲ್ಲಿ ಕುಳಿತಾಗ, ನಮ್ಮ ಪಕ್ಕದವನ ಆರೋಗ್ಯ ನಮ್ಮ ಕೈಯ ಶುಚಿತ್ವದಲ್ಲಿದೆಯೆಂಬ ಅರಿವು ನಮ್ಮೆಲ್ಲರಲ್ಲಿ ಇರಲಿ.